ಹಲ್ಲು ಕೀಳಿಸುವ ಮೊದಲೇ ದವಡೆ ಎಲುಬಿನ ಬಗ್ಗೆ ಕೇಳಿ: ಕಾಸರಗೋಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಅಮ್ಮನ ಕೆಳಗಿನ ಎರಡು ದವಡೆ ಹಲ್ಲು ಕೀಳಿಸಿದ್ದು 2016ರ ಮಳೆಗಾಲದಲ್ಲಿ. ಬದಿಯಡ್ಕದಿಂದ ಬಸ್ಸಲ್ಲಿ ಹೋದೆವು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮನೆಗೆ ಹೊರಡುವಾಗ ಮಲಯಾಳದಲ್ಲಿ ಅಚ್ಚು ಹಾಕಿದ ಒಂದು ಚೀಟಿ ಕೊಟ್ಟರು. ಅಮ್ಮನಿಗೆ ಮಲಯಾಳ ಓದಲು ಬರುವುದಿಲ್ಲ, ನಾನೇ ಓದಿ ಹೇಳಿದೆ. ಉಗುಳಬೇಡಿ, ಬಿಸಿ ಬೇಡ, ಮಾತ್ರೆ ತಪ್ಪಿಸಬೇಡಿ ಎಂದಿತ್ತು. ಎಲುಬಿನ ಬಗ್ಗೆ ಒಂದು ಮಾತೂ ಇರಲಿಲ್ಲ. ನಾವೂ ಕೇಳಲಿಲ್ಲ.

ಎರಡು ವರ್ಷ ಕಳೆದು ಇಂಪ್ಲಾಂಟ್, ಅಂದರೆ ದವಡೆ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಕೃತಕ ಹಲ್ಲು, ಹಾಕಿಸೋಣ ಅಂತ ಮಂಗಳೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ನೋಡಿದ ಡಾಕ್ಟರು, "ಇಲ್ಲಿ ಎಲುಬು ಕತ್ತಿಯ ಬಾಯಿಯ ಹಾಗೆ ತೆಳ್ಳಗಾಗಿದೆ ಅಮ್ಮ, ಸ್ಕ್ರೂ ಕೂರಿಸಲು ಜಾಗ ಇಲ್ಲ" ಎಂದರು. ಹಲ್ಲು ಕೀಳಿಸಿದ ದಿನವೇ ಒಂದು ಮಾತು ಕೇಳಿದ್ದರೆ ಬೇರೆ ದಾರಿ ಇತ್ತು ಅಂತ ತಿಳಿದದ್ದು ಆಗಲೇ. 2022ರಲ್ಲಿ ನನ್ನದೇ ಒಂದು ಹಲ್ಲು ತೆಗೆಸಬೇಕಾದಾಗ ಆ ಮಾತನ್ನು ಮೊದಲೇ ಕೇಳಿದೆ.

ನಾನು ಡಾಕ್ಟರ್ ಅಲ್ಲ. ಅಮ್ಮನಿಗಾಗಿ, ನನಗಾಗಿ ಓದಿ, ಡಾಕ್ಟರುಗಳನ್ನು ಕೇಳಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಬಾಯಿ ನೋಡಿದ ಡಾಕ್ಟರು ಬೇರೆ ಏನಾದರೂ ಹೇಳಿದರೆ ಅವರ ಮಾತನ್ನೇ ಕೇಳಿ.

ಎಲುಬು ಯಾಕೆ ಕರಗುತ್ತದೆ?

ದವಡೆಯಲ್ಲಿ ಹಲ್ಲಿನ ಬೇರನ್ನು ಹಿಡಿದುಕೊಳ್ಳುವ ಎಲುಬು ಇರುವುದೇ ಹಲ್ಲಿಗಾಗಿ. ಹಲ್ಲು ಹುಟ್ಟುವಾಗ ಅದೂ ಬೆಳೆಯುತ್ತದೆ. ಜಗಿಯುವಾಗ ಹಲ್ಲಿನ ಮೂಲಕ ಬರುವ ಒತ್ತಡ ಅದನ್ನು ಗಟ್ಟಿಯಾಗಿ ಇಡುತ್ತದೆ. ಹಲ್ಲು ಹೋಯಿತೆಂದರೆ ಬೇರಿನ ಸುತ್ತ ಇದ್ದ ನಾರು, ಅದರೊಳಗಿನ ರಕ್ತನಾಳ ಎರಡೂ ಹೋಗುತ್ತವೆ. ಕೆಲಸ ಇಲ್ಲದ ಎಲುಬನ್ನು ದೇಹ ಮೆಲ್ಲಗೆ ಹೀರಿಕೊಳ್ಳುತ್ತದೆ.

ಜಾಸ್ತಿ ನಷ್ಟ ಆಗುವುದು ಕೆನ್ನೆ ಮತ್ತು ತುಟಿಯ ಕಡೆಯ ಗೋಡೆಗೆ. ಮುಂದಿನ ಮೇಲು ಹಲ್ಲುಗಳಲ್ಲಿ ಈ ಗೋಡೆ ಅನೇಕರಿಗೆ 1 ಮಿ.ಮೀ.ಗಿಂತ ತೆಳ್ಳಗಿರುತ್ತದೆ. ಹಾಗಾಗಿಯೇ ಮುಂದಿನ ಹಲ್ಲು ಹೋದವರ ತುಟಿ ಅಲ್ಲಿ ಸ್ವಲ್ಪ ಒಳಗೆ ಬಿದ್ದ ಹಾಗೆ ಕಾಣುವುದು. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಿಂದಿನ ಹಲ್ಲುಗಳನ್ನು ತೆಗೆದ ಜಾಗದ ಅಗಲ ಒಂದು ವರ್ಷದಲ್ಲಿ ಸುಮಾರು ಅರ್ಧದಷ್ಟು ಕಡಿಮೆಯಾಗಿತ್ತು. ಆ ನಷ್ಟದ ಮೂರರಲ್ಲಿ ಎರಡು ಪಾಲು ಮೊದಲ 3 ತಿಂಗಳಲ್ಲೇ ಆಗಿತ್ತು. "ಗಾಯ ಒಣಗಲಿ, ಆಮೇಲೆ ನೋಡೋಣ" ಅನ್ನುವ ನಮ್ಮ ಅಭ್ಯಾಸ ಇಲ್ಲಿ ಕೈಕೊಡುವುದು ಇದಕ್ಕೇ.

ಮೇಲಿನ ದವಡೆ ಹಲ್ಲಿಗೆ ಇನ್ನೊಂದು ತೊಂದರೆ ಇದೆ. ಅದರ ಬೇರಿನ ಮೇಲ್ಗಡೆ ಸೈನಸ್ ಎಂಬ ಗಾಳಿಯ ಕೋಣೆ ಇರುತ್ತದೆ. ಹಲ್ಲು ಹೋದ ಮೇಲೆ ಆ ಕೋಣೆ ಕೆಳಗೆ ಇಳಿಯುತ್ತದೆ, ಎಲುಬು ಎರಡೂ ಕಡೆಯಿಂದ ಕಡಿಮೆಯಾಗುತ್ತದೆ.

ಹಂತ 1: ಕೀಳಿಸಲೇಬೇಕಾ ಅಂತ ಕೇಳಿ

ಎಲುಬನ್ನು ಕಾಯುವ ಅತಿ ಒಳ್ಳೆಯ ಸಾಧನ ನಿಮ್ಮದೇ ಹಲ್ಲಿನ ಬೇರು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಹಲ್ಲು ಉಳಿಯುತ್ತದೆ ಎಂದಾದರೆ ಅದನ್ನೇ ಆರಿಸಿ. ಬೇರು ಸೀಳಿದ್ದರೆ, ಹಲ್ಲು ತೀರಾ ಅಲ್ಲಾಡುತ್ತಿದ್ದರೆ, ಕ್ಯಾಪ್ ಹಿಡಿಯುವಷ್ಟೂ ಉಳಿದಿಲ್ಲವಾದರೆ ಮಾತ್ರ ಕೀಳುವ ಮಾತು. ಸಂಶಯ ಇದ್ದರೆ ಇನ್ನೊಬ್ಬರಿಗೆ ತೋರಿಸಿ. ಪೊಯಿನಾಚಿಯಲ್ಲಿ ದಂತ ಕಾಲೇಜಿದೆ, ತಲಪಾಡಿ ದಾಟಿದರೆ ದೇರಳಕಟ್ಟೆ, ಮಂಗಳೂರಿನಲ್ಲಿ ಹಲವಿವೆ. ಕಾಲೇಜಿನಲ್ಲಿ ಸಾಮಾನ್ಯವಾಗಿ ಖರ್ಚು ಕಡಿಮೆ, ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ.

ಹಂತ 2: ನಿಮ್ಮ ಮದ್ದಿನ ಪಟ್ಟಿ ಹೇಳಿ

ಇದು ಬಹಳ ಮುಖ್ಯ. ಮನೆಯಲ್ಲಿರುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತೆಗೆದುಕೊಂಡು ಹೋಗಿ. ಹೆಸರು ನೆನಪಿಡುವ ಕಷ್ಟವೇ ಇಲ್ಲ.

ಎಲುಬು ಸವೆತಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೋನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ತೆಗೆದುಕೊಳ್ಳುವವರು ಅದನ್ನು ಮರೆಯದೆ ಹೇಳಬೇಕು. ಇವು ಒಳ್ಳೆಯ ಮದ್ದುಗಳೇ. ಆದರೆ ಇವನ್ನು ತೆಗೆದುಕೊಳ್ಳುವ ಕೆಲವರಲ್ಲಿ ಹಲ್ಲು ಕಿತ್ತ ಜಾಗದ ಎಲುಬು ಮಾಯದೆ ಸತ್ತುಹೋಗುವುದುಂಟು. ಕ್ಯಾನ್ಸರಿಗಾಗಿ ದೊಡ್ಡ ಪ್ರಮಾಣದಲ್ಲಿ ತೆಗೆದುಕೊಳ್ಳುವವರಿಗೆ ಅಪಾಯ ಜಾಸ್ತಿ. ಮುಖ ಅಥವಾ ಕುತ್ತಿಗೆಗೆ ರೇಡಿಯೇಶನ್ ಆಗಿದ್ದರೆ, ಎಷ್ಟು ವರ್ಷ ಹಿಂದಿನದಾದರೂ ಹೇಳಿ. ನಮ್ಮ ಹಿರಿಯರು "ಹಲ್ಲಿಗೂ ಮಂಡಿನೋವಿನ ಮದ್ದಿಗೂ ಏನು ಸಂಬಂಧ" ಅಂತ ಸುಮ್ನೆ ಇರುತ್ತಾರೆ. ಹಾಗಾಗಿ ಜೊತೆಗೆ ಹೋದವರು ಹೇಳಿ.

ರಕ್ತ ತೆಳುವಾಗಿಸುವ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹಲ್ಲಿನ ರಕ್ತವನ್ನು ಒತ್ತಿ, ಹೊಲಿಗೆ ಹಾಕಿ ನಿಲ್ಲಿಸಬಹುದು. ಮಾತ್ರೆ ನಿಲ್ಲಿಸಿ ಹೃದಯಕ್ಕೋ ಮೆದುಳಿಗೋ ತೊಂದರೆಯಾದರೆ ಅದು ದೊಡ್ಡದು. ಹೃದಯದ ಡಾಕ್ಟರೂ ಹಲ್ಲಿನ ಡಾಕ್ಟರೂ ಮಾತಾಡಿಕೊಂಡು ಹೇಳಲಿ.

ಸಕ್ಕರೆ ಕಾಯಿಲೆ ಇದ್ದರೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ವರದಿ ಒಯ್ಯಿರಿ. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕು ಬೇಗ. ಬೆಳಗ್ಗಿನ ಹೊತ್ತಿಗೆ ಸಮಯ ಕೇಳಿ. ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಹೋಗಿ.

ಹಂತ 3: ಎಲುಬಿನ ಮಾತು ಎತ್ತಿ

ನಾವು 2016ರಲ್ಲಿ ಬಿಟ್ಟದ್ದು ಈ ಹಂತವನ್ನು. ಕುರ್ಚಿಯಲ್ಲಿ ಕೂತು ಬಾಯಿ ಮರಗಟ್ಟಿದ ಮೇಲೆ ಕೇಳಲು ಆಗುವುದಿಲ್ಲ. ಮೊದಲ ದಿನವೇ ಹೀಗೆ ಕೇಳಿ: "ಡಾಕ್ಟ್ರೇ, ಈ ಹಲ್ಲು ತೆಗೆದ ಮೇಲೆ ಅಲ್ಲಿ ಏನು ಹಾಕುವುದು? ಇಂಪ್ಲಾಂಟ್ ಹಾಕುವುದಾದರೆ ಎಲುಬು ಉಳಿಸಲು ಈಗಲೇ ಏನಾದರೂ ಮಾಡಬೇಕಾ?" ಮಲಯಾಳ ಬಾರದಿದ್ದರೆ ಸಂಕೋಚ ಬೇಡ. ನಮ್ಮ ಕಡೆಯ ಕ್ಲಿನಿಕ್ಕುಗಳಲ್ಲಿ ಕನ್ನಡವೋ ತುಳುವೋ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ. ಅರ್ಥವಾಗುವ ತನಕ ಹೇಳಿಸಿಕೊಳ್ಳಿ.

ಎಲುಬು ಉಳಿಸುವ ಕೆಲಸಕ್ಕೆ ಡಾಕ್ಟರುಗಳು ಸಾಕೆಟ್ ಪ್ರಿಸರ್ವೇಶನ್ ಎನ್ನುತ್ತಾರೆ. ಸಾಕೆಟ್ ಅಂದರೆ ಹಲ್ಲು ಕಿತ್ತ ಹೊಂಡ. ಇದು ಶುರುವಾಗುವುದು ಹಲ್ಲನ್ನು ಮೆತ್ತಗೆ ತೆಗೆಯುವುದರಿಂದ. ಮೂರು ಬೇರಿನ ಹಲ್ಲನ್ನು ಒಟ್ಟಿಗೆ ಎಳೆಯದೆ, ತುಂಡು ಮಾಡಿ ಒಂದೊಂದೇ ಬೇರು ಬಿಡಿಸಿದರೆ ಸುತ್ತಲಿನ ಗೋಡೆ ಒಡೆಯುವ ಸಾಧ್ಯತೆ ಕಡಿಮೆ. ಸಮಯ ಜಾಸ್ತಿ ಹಿಡಿದರೆ ಬೇಸರ ಮಾಡಬೇಡಿ. ಆಮೇಲೆ ಹೊಂಡದೊಳಗಿನ ಕೀವು, ಕೊಳೆ ಎಲ್ಲ ಕೆರೆದು ತೆಗೆಯುತ್ತಾರೆ. ಖಾಲಿ ಹೊಂಡಕ್ಕೆ ಎಲುಬಿನ ಪುಡಿಯಂಥ ಗ್ರಾಫ್ಟ್ ತುಂಬಿ, ಮೇಲೆ ತೆಳ್ಳಗಿನ ಪರೆ ಮುಚ್ಚಿ ಹೊಲಿಗೆ ಹಾಕುತ್ತಾರೆ. ಗ್ರಾಫ್ಟ್ ಒಂದು ಚಪ್ಪರ ಇದ್ದ ಹಾಗೆ. ಬಳ್ಳಿ ಚಪ್ಪರ ಹಿಡಿದು ಹಬ್ಬುವಂತೆ ನಿಮ್ಮ ಎಲುಬಿನ ಕಣಗಳು ಅದನ್ನು ಹಿಡಿದು ಬೆಳೆಯುತ್ತವೆ.

ಆ ಪುಡಿ ಎಲ್ಲಿಂದ ಬಂದದ್ದು ಅಂತ ಕೇಳುವ ಹಕ್ಕು ನಿಮಗಿದೆ. ನಿಮ್ಮದೇ ಎಲುಬು ಆಗಬಹುದು, ದಾನಿಗಳ ಸಂಸ್ಕರಿಸಿದ ಎಲುಬು ಆಗಬಹುದು, ದನದ ಎಲುಬಿನಿಂದ ಮಾಡಿದ್ದು ಆಗಬಹುದು, ಪೂರ್ತಿ ಕೃತಕವಾದ ಕ್ಯಾಲ್ಸಿಯಂ ಫಾಸ್ಫೇಟ್ ಆಗಬಹುದು. ಮುಚ್ಚುವ ಕೊಲಾಜನ್ ಪರೆ ದನದ್ದೋ ಹಂದಿಯದ್ದೋ ಇರಬಹುದು. ನಮ್ಮ ಊರಲ್ಲಿ ಸಸ್ಯಾಹಾರಿ ಮನೆಗಳಿವೆ, ಬ್ಯಾರಿ ಮನೆಗಳಿವೆ. ಆಮೇಲೆ ತಿಳಿದು ಮನಸ್ಸು ನೋಯಿಸಿಕೊಳ್ಳುವುದಕ್ಕಿಂತ ಮೊದಲೇ ಕೇಳುವುದು ಒಳ್ಳೆಯದಲ್ವಾ? ನಾನು ಕೃತಕದ್ದನ್ನೇ ಹಾಕಿಸಿಕೊಂಡೆ. ಡಾಕ್ಟರು ಒಂದಿಷ್ಟೂ ಬೇಸರಿಸದೆ ಪ್ಯಾಕೆಟ್ ತೋರಿಸಿ ವಿವರಿಸಿದರು.

ಇನ್ನೊಂದು ದಾರಿ ಪಿಆರ್‌ಎಫ್ (ಪ್ಲೇಟ್‌ಲೆಟ್ ರಿಚ್ ಫೈಬ್ರಿನ್). ಫ್ರಾನ್ಸಿನ ಜೋಸೆಫ್ ಶುಕ್ರೂನ್ ಎಂಬ ವೈದ್ಯರು 2001ರಲ್ಲಿ ತೋರಿಸಿಕೊಟ್ಟ ವಿಧಾನ ಇದು. ನಿಮ್ಮ ಕೈಯಿಂದಲೇ ಸ್ವಲ್ಪ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸುತ್ತಾರೆ. ಹಳದಿ ಜೆಲ್ಲಿಯಂಥ ಪದರ ಸಿಗುತ್ತದೆ. ಅದನ್ನು ಹೊಂಡದಲ್ಲಿಟ್ಟರೆ ಒಸಡು ಬೇಗ ಮುಚ್ಚಲು ಸಹಾಯ. ಇದೊಂದರಿಂದಲೇ ಎಲುಬು ಎಷ್ಟು ಉಳಿಯುತ್ತದೆ ಎನ್ನುವುದರಲ್ಲಿ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಹಾಗಾಗಿ ಗ್ರಾಫ್ಟಿನ ಬದಲು ಇದೇ ಸಾಕು ಎಂದರೆ ಯಾಕೆ ಅಂತ ಕೇಳಿ.

ಗ್ರಾಫ್ಟ್ ಹಾಕಿದರೂ ಎಲುಬು ಸ್ವಲ್ಪ ಸವೆಯುತ್ತದೆ. ಸವೆತ ಕಡಿಮೆಯಾಗುತ್ತದೆ ಅಷ್ಟೇ. ಎಲ್ಲರಿಗೂ ಇದು ಬೇಕಾಗಿಯೂ ಇಲ್ಲ. ಬುದ್ಧಿ ಹಲ್ಲು ತೆಗೆಸಿದವರಿಗೆ, ಅಲ್ಲಿ ಮತ್ತೆ ಹಲ್ಲು ಹಾಕಿಸುವ ಯೋಚನೆ ಇಲ್ಲದವರಿಗೆ ಸಾಮಾನ್ಯವಾಗಿ ಬೇಡ. ಮುಂದಿನ ಹಲ್ಲು ಹೋಗುತ್ತಿದ್ದರೆ, ಇಂಪ್ಲಾಂಟ್ ಹಾಕಿಸುವುದು ಖಚಿತವಾಗಿದ್ದರೆ ಗಂಭೀರವಾಗಿ ಯೋಚಿಸಿ. ತಾಳಮದ್ದಳೆಯಲ್ಲಿ ಅರ್ಥ ಹೇಳುವ ನಮ್ಮ ನೆರೆಮನೆಯ ಮಾವನಿಗೆ ಮೇಲಿನ ಮುಂದಿನ ಹಲ್ಲು ಹೋದಾಗ, ಮೊದಲ ಚಿಂತೆ 'ಸ'ಕಾರದ್ದೇ ಆಗಿತ್ತು. ಅವರಂಥವರಿಗೆ ಆ ಒಂದು ಹಲ್ಲಿನ ಜಾಗ ಅಂದರೆ ಇಡೀ ಪ್ರಸಂಗ.

ಹಂತ 4: ಮೊದಲ 24 ಗಂಟೆ, ರಕ್ತದ ಹೆಪ್ಪನ್ನು ಕಾಯಿರಿ

ಗ್ರಾಫ್ಟ್ ಇರಲಿ, ಇಲ್ಲದಿರಲಿ, ಹೊಂಡದಲ್ಲಿ ಹೆಪ್ಪುಗಟ್ಟಿದ ರಕ್ತವೇ ಮುಂದಿನ ಎಲುಬಿನ ಮೊದಲ ಮೆಟ್ಟಿಲು. ಅದು ಕಳಚಿದರೆ ಕೆಳಗಿನ ಎಲುಬು ಬತ್ತಲೆಯಾಗುತ್ತದೆ.

ಕೊಟ್ಟ ಗಾಜ್ ಬಟ್ಟೆಯನ್ನು 30ರಿಂದ 45 ನಿಮಿಷ ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ನಡುವೆ ತೆಗೆದು ತೆಗೆದು ನೋಡಬೇಡಿ. ದೂರದಿಂದ ಬಂದವರು ಕೂಡಲೇ ಬಸ್ಸು ಹತ್ತಬೇಡಿ. ಒಂದು ಗಂಟೆ ಅಲ್ಲೇ ಕೂತು, ರಕ್ತ ನಿಂತದ್ದು ನೋಡಿ ಹೊರಡಿ. ಮುಳ್ಳೇರಿಯಾದ ದಾರಿಯಲ್ಲೋ ಪೆರ್ಲದ ತಿರುವಿನಲ್ಲೋ ಬಾಯಿ ತುಂಬ ರಕ್ತ ಬಂದರೆ ಗಾಬರಿಯೇ ಜಾಸ್ತಿ.

ಉಗುಳಬೇಡಿ. ಎಂಜಲು ನುಂಗಿ, ಇಲ್ಲವೇ ತಾನಾಗಿ ಇಳಿಯಲು ಬಿಡಿ. ಬಾಯಿ ಮುಕ್ಕಳಿಸಬೇಡಿ. ಸ್ಟ್ರಾ ಬೇಡವೇ ಬೇಡ. ಬೊಂಡದ ನೀರು ಒಳ್ಳೆಯದೇ, ಆದರೆ ಲೋಟಕ್ಕೆ ಹೊಯ್ದು ಕುಡಿಯಿರಿ. ಬಿಸಿ ಚಹಾ ಬೇಡ. ಮರಗಟ್ಟಿದ್ದು ಬಿಡಲು ಕೆಲವು ಗಂಟೆ ಬೇಕು, ಅಷ್ಟರೊಳಗೆ ತಿಂದರೆ ಕೆನ್ನೆ, ನಾಲಗೆ ಕಚ್ಚಿಕೊಳ್ಳುತ್ತೀರಿ.

ಕೆನ್ನೆಯ ಹೊರಗೆ ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಡಿ, ಅಷ್ಟೇ ಹೊತ್ತು ಬಿಡಿ, ಮತ್ತೆ ಇಡಿ. ಆಟಿಯ ಮಳೆಗೆ ಕರೆಂಟು ಹೋಗಿ ಐಸ್ ಇಲ್ಲದಿದ್ದರೆ ತಣ್ಣೀರಿನ ಬಟ್ಟೆಯಾದರೂ ಆದೀತು. ರಾತ್ರಿ ಎರಡು ದಿಂಬು ಇಟ್ಟು ತಲೆ ಎತ್ತರಕ್ಕೆ ಮಾಡಿ ಮಲಗಿ. ಎರಡು ಮೂರು ದಿನ ಭಾರದ ಕೆಲಸ ಬೇಡ. ಅಡಿಕೆ ಗೊನೆ ಹೊರುವುದು, ಮದ್ದು ಬಿಡಲು ಮರ ಹತ್ತುವುದು, ಬಗ್ಗಿ ಅಡಿಕೆ ಹೆಕ್ಕುವುದು ಎಲ್ಲ ಮುಂದಕ್ಕೆ ಹಾಕಿ. ಬಗ್ಗಿದಾಗ, ಭಾರ ಎತ್ತಿದಾಗ ತಲೆಗೆ ರಕ್ತ ಏರಿ ಗಾಯ ಮತ್ತೆ ಒಸರಬಹುದು. ಮೇಲಿನ ದವಡೆ ಹಲ್ಲು ತೆಗೆಸಿದವರು ಮೂಗು ಜೋರಾಗಿ ಊದಿ ಸಿಂಬಳ ತೆಗೆಯಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಿ.

ಮೊದಲ ದಿನ ಎಂಜಲು ನಸುಗೆಂಪಾಗಿರುವುದು ಸಹಜ. ಬಾಯಿ ತುಂಬುವಷ್ಟು ಬಂದರೆ ಶುದ್ಧ ಗಾಜ್ ಬಟ್ಟೆಯನ್ನು ಒದ್ದೆ ಮಾಡಿ ಮಡಚಿ, ಅರ್ಧ ಗಂಟೆ ಬಿಡದೆ ಕಚ್ಚಿ. ಒದ್ದೆ ಮಾಡಿ ತಣಿಸಿದ ಚಹಾದ ಬ್ಯಾಗೂ ಆಗುತ್ತದೆ, ಅದರ ಒಗರು ರಕ್ತ ನಿಲ್ಲಲು ಸಹಾಯ ಮಾಡುತ್ತದೆ. ಆದರೂ ನಿಲ್ಲದಿದ್ದರೆ ಡಾಕ್ಟರ ಬಳಿಗೆ ಹೋಗಿ.

ನೋವಿಗೆ ಡಾಕ್ಟರು ಬರೆದ ಮಾತ್ರೆಯೇ ಸಾಕು. ಆಸ್ಪಿರಿನ್ ನೀವಾಗಿ ನುಂಗಬೇಡಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗೆ ಐಬುಪ್ರೊಫೆನ್ ಆಗುವುದಿಲ್ಲ. ಮಳೆಗಾಲದಲ್ಲಿ ಊರಲ್ಲಿ ಡೆಂಗೆ ಇದ್ದು ನಿಮಗೆ ಜ್ವರವೂ ಬಂದಿದ್ದರೆ ಐಬುಪ್ರೊಫೆನ್ ಬಿಟ್ಟು ಡಾಕ್ಟರನ್ನು ಕೇಳಿ. ಹೊಂಡದೊಳಗೆ ಲವಂಗದೆಣ್ಣೆ, ಹೊಗೆಸೊಪ್ಪು, ಅರಸಿನ ಏನನ್ನೂ ತುಂಬಬೇಡಿ.

ಹಂತ 5: ಎಲೆ ಅಡಿಕೆ ದೂರ ಇಡಿ

ಅಡಿಕೆಯೇ ನಮ್ಮ ಅನ್ನ. ನಮ್ಮ ತೋಟದ ಅಡಿಕೆಯಲ್ಲೇ ನಾನು ಓದಿದ್ದು. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಲೇಬೇಕು.

ಅಡಿಕೆಯ ಚೂರು ಹೊಸ ಹೊಂಡದಲ್ಲಿ ಸಿಕ್ಕಿಕೊಂಡರೆ ತೆಗೆಯುವುದು ಕಷ್ಟ. ಸುಣ್ಣ ಹಸಿ ಗಾಯವನ್ನು ಸುಡುತ್ತದೆ. ಹೊಗೆಸೊಪ್ಪು ಸೇರಿದರೆ ರಕ್ತನಾಳ ಕುಗ್ಗಿ ಗಾಯಕ್ಕೆ ರಕ್ತವೇ ಕಡಿಮೆಯಾಗುತ್ತದೆ. ಜಗಿದು ಉಗುಳುವ ಅಭ್ಯಾಸ ರಕ್ತದ ಹೆಪ್ಪನ್ನು ಎಳೆದು ತೆಗೆಯುತ್ತದೆ. ಒಂದೇ ಕವಳದಲ್ಲಿ ನಾಲ್ಕು ತೊಂದರೆ. ಬೀಡಿ, ಸಿಗರೇಟಿನದ್ದೂ ಇದೇ ಕಥೆ. ಮೊದಲ ಮೂರು ದಿನ ಖಂಡಿತ ಬೇಡ. ಗ್ರಾಫ್ಟ್ ಹಾಕಿಸಿದವರು ಒಸಡು ಪೂರ್ತಿ ಮುಚ್ಚುವ ತನಕ, ಅಂದರೆ ಕೆಲವು ವಾರ ಬಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆ ಜಗಿಯುವುದನ್ನು, ಹೊಗೆಸೊಪ್ಪು ಇಲ್ಲದಿದ್ದರೂ, ಕ್ಯಾನ್ಸರ್ ತರುವ ಅಭ್ಯಾಸಗಳ ಪಟ್ಟಿಗೆ ಸೇರಿಸಿದೆ. ವರ್ಷಗಟ್ಟಲೆ ಜಗಿದವರ ಬಾಯಿಯ ಒಳಪದರ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುವುದನ್ನು ನೀವೂ ನೋಡಿರಬಹುದು. ಹಾಗೆ ಬಿಗಿದ ಬಾಯಲ್ಲಿ ಹಿಂದಿನ ಹಲ್ಲಿಗೆ ಇಂಪ್ಲಾಂಟ್ ಕೂರಿಸಲು ಡಾಕ್ಟರ ಕೈಯೇ ಒಳಗೆ ಹೋಗುವುದಿಲ್ಲ. ನನ್ನ ಚಿಕ್ಕಪ್ಪ ಹಲ್ಲು ಕೀಳಿಸಿದ ನೆಪದಲ್ಲಿ ಹತ್ತು ದಿನ ಕವಳ ಬಿಟ್ಟರು. ಆಮೇಲೆ ಮತ್ತೆ ಶುರು ಮಾಡಲಿಲ್ಲ.

ಹಂತ 6: ಎರಡನೇ ದಿನದಿಂದ ಎರಡನೇ ವಾರದ ತನಕ

24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ. ದಿನಕ್ಕೆ ನಾಲ್ಕೈದು ಸಲ, ಮುಖ್ಯವಾಗಿ ಊಟದ ನಂತರ, ಬಾಯಲ್ಲಿ ಇಟ್ಟುಕೊಂಡು ತಲೆ ವಾಲಿಸಿ. ಆಮೇಲೆ ಬಾಯಿ ತೆರೆದು ನೀರು ತಾನಾಗಿ ಬೀಳಲು ಬಿಡಿ. ಗಳಗಳ ಮುಕ್ಕಳಿಸುವುದು, ಫೂ ಅಂತ ಉಗುಳುವುದು ಬೇಡ. ಉಳಿದ ಹಲ್ಲುಗಳನ್ನು ದಿನವೂ ಉಜ್ಜಿ, ಗಾಯದ ಹತ್ತಿರ ಮಾತ್ರ ಮೆತ್ತಗೆ.

ಊಟಕ್ಕೆ ನಮ್ಮ ಕುಚ್ಚಲಕ್ಕಿ ಗಂಜಿಯಷ್ಟು ಒಳ್ಳೆಯದು ಇಲ್ಲ. ಚೆನ್ನಾಗಿ ಬೆಂದಿರಲಿ, ತಣಿದಿರಲಿ. ಆದರೆ ಬರೀ ಗಂಜಿ ನೀರಲ್ಲಿ ವಾರ ಕಳೆಯಬೇಡಿ. ಗಾಯ ಮಾಯಲು ಪ್ರೋಟೀನ್ ಬೇಕು. ಹೆಸರುಬೇಳೆ ತೋವೆ, ಮೊಸರು, ರಾಗಿ ಮಣ್ಣಿ, ಮೊಟ್ಟೆ ತಿನ್ನುವವರಿಗೆ ಮೆತ್ತಗೆ ಬೇಯಿಸಿದ ಮೊಟ್ಟೆ, ಮೀನು ತಿನ್ನುವವರಿಗೆ ಮುಳ್ಳು ಬಿಡಿಸಿದ ಮೀನು. ಬೇಯಿಸಿ ಹಿಸುಕಿದ ನೇಂದ್ರ ಬಾಳೆಹಣ್ಣು, ಪಪ್ಪಾಯಿ ಇರಲಿ. ಹಪ್ಪಳ, ಬಾಳೆಕಾಯಿ ಚಿಪ್ಸ್, ಚಕ್ಕುಲಿ, ಕೋರಿ ರೊಟ್ಟಿ, ಒಣ ಅವಲಕ್ಕಿ, ಉಪ್ಪಿನಕಾಯಿ ಎರಡು ವಾರ ಬೇಡ. ಜಗಿಯುವುದು ಇನ್ನೊಂದು ಬದಿಯಲ್ಲಿ.

ಬಾವು ಎರಡು ಮೂರನೇ ದಿನಕ್ಕೆ ಅತಿ ಜಾಸ್ತಿ ಇರುತ್ತದೆ, ಆಮೇಲೆ ಇಳಿಯಬೇಕು. ನೋವೂ ಹಾಗೆಯೇ, ದಿನ ದಿನಕ್ಕೆ ಕಡಿಮೆಯಾಗಬೇಕು. ಕಡಿಮೆಯಾಗುತ್ತಿದ್ದ ನೋವು ಎರಡರಿಂದ ನಾಲ್ಕನೇ ದಿನದಲ್ಲಿ ಒಮ್ಮೆಗೇ ಏರಿ, ಕಿವಿಯ ತನಕ ಎಳೆದು, ಬಾಯಿ ವಾಸನೆ ಬಂದರೆ ಅದು ಡ್ರೈ ಸಾಕೆಟ್ ಇರಬಹುದು. ರಕ್ತದ ಹೆಪ್ಪು ಕಳಚಿ ಎಲುಬು ಬತ್ತಲೆಯಾದ ಸ್ಥಿತಿ ಅದು. ಸಾಮಾನ್ಯ ಹಲ್ಲಿನಲ್ಲಿ ನೂರಕ್ಕೆ 1ರಿಂದ 5 ಮಂದಿಗೆ ಬರಬಹುದು, ಕೆಳಗಿನ ಬುದ್ಧಿ ಹಲ್ಲಿನಲ್ಲಿ ಇನ್ನೂ ಜಾಸ್ತಿ. ಸಹಿಸಿಕೊಂಡು ಕೂರಬೇಡಿ. ಡಾಕ್ಟರು ಹೊಂಡ ತೊಳೆದು ಮದ್ದು ಹಚ್ಚಿದ ಬಟ್ಟೆಯ ಪಟ್ಟಿ ಇಟ್ಟರೆ ಬೇಗ ಆರಾಮ ಆಗುತ್ತದೆ.

ಗ್ರಾಫ್ಟ್ ಹಾಕಿಸಿದವರ ಬಾಯಲ್ಲಿ ಮೊದಲ ದಿನಗಳಲ್ಲಿ ಮರಳಿನಂಥ ನಾಲ್ಕೈದು ಕಾಳು ಸಿಗಬಹುದು. ಹೆದರಬೇಡಿ. ರಾಶಿ ಬಂದರೆ, ಪರೆ ಎದ್ದು ಬಂದರೆ ಫೋನ್ ಮಾಡಿ. ನಾಲಗೆಯಿಂದ ಮುಟ್ಟಿ ನೋಡುವ ಆಸೆ ತಡೆಯಿರಿ. ಕರಗದ ಹೊಲಿಗೆಯನ್ನು ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಬಿಚ್ಚುತ್ತಾರೆ.

ಜ್ವರ 100.4 ಡಿಗ್ರಿ ದಾಟಿದರೆ, ಕೀವು ಬಂದರೆ, ತುಟಿ ಅಥವಾ ಗಲ್ಲ ಮರುದಿನವೂ ಜೋಮು ಹಿಡಿದಿದ್ದರೆ ಅದೇ ದಿನ ಡಾಕ್ಟರಿಗೆ ಹೇಳಿ. ಬಾವು ದವಡೆಯ ಕೆಳಗೆ ಕುತ್ತಿಗೆಗೆ ಹಬ್ಬಿ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ರಾತ್ರಿ ಎಷ್ಟು ಹೊತ್ತಾದರೂ ಕಾಯಬಾರದು. 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಸಣ್ಣ ಸಂಶಯಗಳಿಗೆ ಕೇರಳದ ಆರೋಗ್ಯ ಸಹಾಯವಾಣಿ ದಿಶಾ ಇದೆ, ಸಂಖ್ಯೆ 1056.

ಹಂತ 7: ಮುಂದಿನ ತಿಂಗಳುಗಳು

ಮೇಲಿನಿಂದ ನೋಡಿದರೆ ಮೂರು ನಾಲ್ಕು ವಾರಕ್ಕೆ ಒಸಡು ಬಹುಪಾಲು ಮುಚ್ಚಿರುತ್ತದೆ. ಆದರೆ ಒಳಗೆ ಕೆಲಸ ಆಗ ತಾನೆ ಜೋರಾಗಿರುತ್ತದೆ. ಹೊಂಡದ ತಳದಿಂದ ಮೆತ್ತಗಿನ ಎಲುಬು ತುಂಬುತ್ತಾ ಬರುತ್ತದೆ, ಅದು ಗಟ್ಟಿಯಾಗಲು ಇನ್ನೂ ತಿಂಗಳುಗಳು ಬೇಕು. ಒಸಡಿನಿಂದ ಚೂಪಾದ ಸಣ್ಣ ಎಲುಬಿನ ಚೂರು ಹೊರಬಂದರೆ ನೀವೇ ಕೀಳಬೇಡಿ, ಡಾಕ್ಟರಿಗೆ ತೋರಿಸಿ.

ಗ್ರಾಫ್ಟ್ ಹಾಕಿದ್ದರೆ ಸಾಮಾನ್ಯವಾಗಿ 4ರಿಂದ 6 ತಿಂಗಳಲ್ಲಿ ಸ್ಕ್ಯಾನ್ ಮಾಡಿ ಇಂಪ್ಲಾಂಟ್ ಕೂರಿಸುತ್ತಾರೆ. ಹಾಕಿಲ್ಲದಿದ್ದರೂ ಆಸೆ ಬಿಡಬೇಡಿ, ಮೂರು ತಿಂಗಳೊಳಗೆ ಒಮ್ಮೆ ತೋರಿಸಿ. ಜಾಗ ಖಾಲಿ ಬಿಟ್ಟು ವರ್ಷ ಕಳೆದರೆ ಪಕ್ಕದ ಹಲ್ಲು ವಾಲುತ್ತದೆ, ಎದುರಿನ ಹಲ್ಲು ಆ ಜಾಗಕ್ಕೆ ಇಳಿಯುತ್ತದೆ ಅಥವಾ ಏಳುತ್ತದೆ.

ಪಕ್ಕದ ಹಲ್ಲುಗಳ ಆಧಾರದಲ್ಲಿ ಕೂರುವ ಕೃತಕ ಹಲ್ಲು, ಅಂದರೆ ಬ್ರಿಡ್ಜ್, ಹಾಕಿಸಿದರೆ ಜಗಿಯಲು ಆಗುತ್ತದೆ, ಕೆಳಗಿನ ಎಲುಬು ಮಾತ್ರ ಸವೆಯುತ್ತಲೇ ಇರುತ್ತದೆ. ಹಲ್ಲಿನ ಸೆಟ್ ಕೂಡ ಹಾಗೆಯೇ, ಒಸಡನ್ನು ಒತ್ತುವುದರಿಂದ ಎಲುಬು ಕರಗುತ್ತದೆ. ಅದಕ್ಕೇ ಸೆಟ್ ಸಡಿಲವಾಗುವುದು. ಸಡಿಲವಾದ ಸೆಟ್ಟನ್ನು ಅಂಟು ಹಾಕಿ ತಳ್ಳಬೇಡಿ, ಒಳಬದಿ ಸರಿಮಾಡಿಸಿ. ಅರುವತ್ತು ದಾಟಿದ ಬಡ ಮನೆಗಳ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಕೇರಳ ಸರ್ಕಾರದ ಮಂದಹಾಸಂ ಯೋಜನೆ ಇದೆ. ಅರ್ಜಿಯ ವಿವರಕ್ಕೆ ಪಂಚಾಯತಿನಲ್ಲಿ ವಿಚಾರಿಸಿ.

ಅಮ್ಮ ಈಗ ತೆಗೆದು ಹಾಕುವ ಸೆಟ್ಟನ್ನೇ ಬಳಸುತ್ತಾರೆ. ರಾತ್ರಿ ಊಟವಾದ ಮೇಲೆ ಅದನ್ನು ತೆಗೆದು, ಮೆತ್ತಗಿನ ಬ್ರಷ್ಷಿನಲ್ಲಿ ತೊಳೆದು, ನೀರು ತುಂಬಿದ ಡಬ್ಬದಲ್ಲಿ ಇಟ್ಟೇ ಮಲಗುತ್ತಾರೆ. ಬೆಳಗ್ಗೆ ಹಾಕುವ ಮೊದಲು ಬೆರಳಿನಿಂದ ಒಸಡನ್ನು ಎರಡು ನಿಮಿಷ ಮೆತ್ತಗೆ ತಿಕ್ಕುತ್ತಾರೆ. ನೀವೂ ಮನೆಯ ಹಿರಿಯರಿಗೆ ಇದನ್ನು ಇಂದು ರಾತ್ರಿಯಿಂದಲೇ ಅಭ್ಯಾಸ ಮಾಡಿಸಿ.